ಶರೀಫಜ್ಜನ ಪದಗಳ ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಶುನಾಳ ಶರೀಫರ ಹಾಡು ಗುನುಗದ ಕನ್ನಡಿಗರು ಕಡಿಮೆ. 'ಚೆನ್ನಾಗಿದೆ, ಆದ್ರೆ ಏನು ಹೇಳ್ತಿದಾರೆ?' ಅಂತ ಕೇಳುವವರು ಬಹಳ. ಭಜನೆ ಮುಗಿದ ಮೇಲೆ, ಪತ್ರಗಳಲ್ಲಿ, ಮದುವೆ ಮನೆಯ ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನೇ ತಲೆಬರಹವಾಗಿ ಇಟ್ಟಿದ್ದೇನೆ. ಹಾಡಿನ ಸಾಲುಗಳು ಜಾಸ್ತಿ ಬಳಕೆಯಲ್ಲಿರುವ ಪಾಠದವು.

ಮೊದಲ ಮೆಟ್ಟಿಲು

ಶರೀಫರು ಕವಿಯಾ, ಹಾಡುಗಾರರಾ, ಸಂತರಾ? ಮೊದಲು ಅದು ಹೇಳಿ.

ಮೂರೂ ಹೌದು. ಅವರ ಕಾಲ 1819ರಿಂದ 1889. ಊರು ಶಿಶುವಿನಹಾಳ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿದೆ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಕೆಲವು ವರ್ಷ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ಬಿಟ್ಟರು. ಗುರು ಸಿಕ್ಕಿದ್ದು ಕಳಸದ ಗೋವಿಂದ ಭಟ್ಟರಲ್ಲಿ. ಪದ ಕಟ್ಟಿದವರೂ ಅವರೇ, ಜನರ ನಡುವೆ ನಿಂತು ಹಾಡಿದವರೂ ಅವರೇ. ಇಂಥ ಹಾಡುಗಳಿಗೆ ತತ್ವಪದ ಅನ್ನುತ್ತಾರೆ. ಕೊನೆಯ ನುಡಿಯಲ್ಲಿ 'ಶಿಶುನಾಳಧೀಶ' ಅಂತ ಬರುತ್ತಲ್ಲ, ಅದು ಅವರ ಅಂಕಿತ. ಆ ಕಡೆಯ ಜನ ಈಗಲೂ ಪ್ರೀತಿಯಿಂದ ಶರೀಫಜ್ಜ ಅಂತಲೇ ಕರೆಯುತ್ತಾರೆ.

ನಾವು ಮೈಸೂರು ಕಡೆಯವರು. ಆ ಭಾಷೆ ಗೊತ್ತಿಲ್ಲದೆ ಅರ್ಥ ಆಗುತ್ತಾ?

ಆಗುತ್ತೆ, ಹೆದರಬೇಡಿ. ಮಾಳಿಗೆ ಮಾಳಿಗಿಯಾಗುತ್ತೆ, ತೆಗೆ ತಗಿಯಾಗುತ್ತೆ, ಸೀರೆ ಸೀರಿಯಾಗುತ್ತೆ. ಎರಡು ಹಾಡು ಕೇಳುವಷ್ಟರಲ್ಲಿ ಕಿವಿ ಹೊಂದಿಕೊಳ್ಳುತ್ತೆ. ನಿಜವಾದ ತೊಡಕು ಬೇರೆ ಕಡೆ ಇದೆ. ಹಾಡಿನಲ್ಲಿ ಬರುವ ಸಾಮಾನುಗಳನ್ನು ನಾವು ಕಣ್ಣಿಂದ ನೋಡಿಲ್ಲ. ಒಳ್ಳು, ಲಾಳಿ, ಜಂತಿ, ಬೀಸುಕಲ್ಲಿನ ಗೂಟ ಇವು ಧಾರವಾಡದವರ ಮೊಮ್ಮಕ್ಕಳಿಗೂ ಈಗ ಗೊತ್ತಿಲ್ಲ. ಹಾಡು ಬಿಡಿಸುವ ಮುಂಚೆ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಆ ವಸ್ತು ಹೇಗಿತ್ತು, ಏನಕ್ಕೆ ಬಳಸುತ್ತಿದ್ದರು ಅಂತ ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಇಷ್ಟು ಸುತ್ತಿ ಬಳಸಿ ಯಾಕೆ? ನೇರವಾಗಿ ಹೇಳಬಹುದಿತ್ತಲ್ವಾ?

ನೇರವಾಗಿ ಹೇಳುವವರು ಆಗಲೂ ಬೇಕಾದಷ್ಟು ಜನ ಇದ್ದರು. ದೇಹ ನಶ್ವರ, ಗುರುವಿಗೆ ಶರಣಾಗು ಅಂತ ಪುರಾಣ ಹೇಳುವವರೆಲ್ಲ ಹೇಳುತ್ತಿದ್ದರು. ಕೇಳಿದವರು ತಲೆ ಆಡಿಸಿ ಮನೆಗೆ ಹೋಗುತ್ತಿದ್ದರು. ಕೋಳಿ ಕೋತಿಯನ್ನು ನುಂಗಿತು ಅಂದರೆ ಹಾಗೆ ಹೋಗೋಕೆ ಆಗಲ್ಲ. ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯುತ್ತೆ.

ಈ ದಾರಿ ಶರೀಫರು ಹೊಸದಾಗಿ ಮಾಡಿದ್ದೂ ಅಲ್ಲ. 12ನೇ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳಲ್ಲಿ ಇದೇ ಬಗೆಯ ಒಗಟಿನ ಮಾತು ಇದೆ. ಅಲ್ಲಮನ ಕಥೆ ಹೇಳುವ ಚಾಮರಸನ ಪ್ರಭುಲಿಂಗಲೀಲೆ ಶರೀಫರಿಗೆ ಚಿಕ್ಕಂದಿನಿಂದಲೇ ಪರಿಚಯ ಇತ್ತು ಅಂತ ಅವರ ಜೀವನ ಬರೆದವರು ಹೇಳುತ್ತಾರೆ. ಹಾಡು ಕೇಳಿದರೆ ನಂಬಬಹುದು ಅನ್ನಿಸುತ್ತೆ.

ಸಿ. ಅಶ್ವತ್ಥ್ ಹಾಡಿದ್ದೇ ಮೂಲ ಧಾಟಿನಾ?

ಅಲ್ಲ. ಅದು ಅಶ್ವತ್ಥ್ ಅವರ ಸಂಗೀತ. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಆರಿಸಿ ಕೊಟ್ಟು ಪ್ರಚಾರ ಮಾಡಿದರು. ಆ ಕೆಲಸಕ್ಕೆ ಅವರಿಗೆ 'ಶರೀಫ ಭಟ್ಟ' ಅನ್ನೋ ಹೆಸರೇ ಬಿತ್ತು. 1990ರಲ್ಲಿ ನಾಗಾಭರಣ ಅವರ ಸಿನಿಮಾ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿ ನಟಿಸಿದರು. ಅದಕ್ಕೂ ಅಶ್ವತ್ಥ್ ಅವರದೇ ಸಂಗೀತ. ದಕ್ಷಿಣದ ಜಿಲ್ಲೆಗಳಲ್ಲಿ ಶರೀಫರು ಮನೆಮಾತಾಗಿದ್ದು ಹೀಗೆ.

ಉತ್ತರ ಕರ್ನಾಟಕದ ಹಳ್ಳಿಗಳ ಭಜನಾ ಮೇಳಗಳಲ್ಲಿ ಇವೇ ಪದಗಳು ಬೇರೆ ಧಾಟಿಯಲ್ಲಿ ಇವೆ. ಎರಡನ್ನೂ ಕೇಳಿ. ಧಾಟಿ ಬದಲಾದರೆ ಅರ್ಥ ವಾಲುವ ಕಡೆಯೂ ಬದಲಾಗುತ್ತೆ. 'ಕೋಡಗನ ಕೋಳಿ ನುಂಗಿತ್ತ' ಪದವನ್ನು ಜೋರಾಗಿ, ಚಪ್ಪಾಳೆ ತಟ್ಟುತ್ತ ಹಾಡಿದರೆ ತಮಾಷೆ ಮುಂದೆ ಬರುತ್ತೆ. ನಿಧಾನವಾಗಿ ಹೇಳಿದರೆ ಕೊನೆಯ ನುಡಿಯ ಗುರುಪಾದ ಮುಂದೆ ಬರುತ್ತೆ.

ಹಾಡು ಹಾಡಾಗಿ

'ಸೋರುತಿಹುದು ಮನೆಯ ಮಾಳಿಗಿ' ಅಂದರೆ ದೇಹ, ಅಷ್ಟೇ ಅಲ್ವಾ?

ಅಷ್ಟೇ ಅಂದುಬಿಟ್ಟರೆ ಹಾಡು ಕೈತಪ್ಪಿತು ಅಂತಲೇ ಲೆಕ್ಕ.

ಮೊದಲು ಮನೆ ನೋಡಿ. ಇದು ಹೆಂಚಿನ ಮನೆಯೂ ಅಲ್ಲ, ತಾರಸಿಯೂ ಅಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ. ಅಡ್ಡಕ್ಕೆ ತೊಲೆ, ಅದರ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಹಾಸು, ಮೇಲೆ ದಪ್ಪಗೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹುಲ್ಲು ಕಿತ್ತು ಮಣ್ಣು ಬಿಗಿ ಮಾಡಬೇಕು. ಬಿಟ್ಟರೆ ಏನಾಗುತ್ತೆ ಅನ್ನೋದನ್ನು ಹಾಡು ಒಂದೊಂದಾಗಿ ಹೇಳುತ್ತೆ. 'ಮುರುಕು ತೊಲೆಯು ಹುಳುಕು ಜಂತಿ', ಕೀಲು ಸಡಿಲ. ಕರಕಿ ಹುಲ್ಲು ಬೇರು ಬಿಟ್ಟಿದೆ. ಇರುವೆ ಮುತ್ತಿದೆ. ನೀರಿನ ರಭಸಕ್ಕೆ ಮಣ್ಣು ಒಳಗೆ ಹೊರಗೆ ಒಂದಾಗಿದೆ. ಬೇಕಾದರೆ ಹಳೇ ಮನೆ ರಿಪೇರಿ ಮಾಡುವ ಗೌಂಡಿಯನ್ನು ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ.

ದೇಹವೋ ಮನಸ್ಸೋ ಅನ್ನೋದಕ್ಕೆ ಪಲ್ಲವಿಯಲ್ಲೇ ಸುಳಿವಿದೆ. 'ಅಜ್ಞಾನದಿಂದ' ಸೋರುತ್ತಿದೆ ಅನ್ನುತ್ತಾರೆ. ವಯಸ್ಸಾಗಿ ಅಂತ ಹೇಳಿಲ್ಲ. ಹಾಗಾಗಿ ಇದನ್ನು ಬರೀ ಮುಪ್ಪಿನ ಹಾಡು ಅಂತ ಓದೋದು ನನಗೆ ಒಪ್ಪಿಗೆ ಇಲ್ಲ. ನೋಡಿಕೊಳ್ಳದೆ ಬಿಟ್ಟ ಮನೆ ಇದು. ಮೇಲಕ್ಕೇರಿ ಸರಿ ಮಾಡಬೇಕಾದವನೇ 'ಕಾಳಕತ್ತಲೆಯೊಳಗೆ ನಾನು ಮೇಲಕೇರಿ ಹೋಗಲಾರೆ' ಅನ್ನುತ್ತಾನೆ.

ಇನ್ನು ಕೊನೆಯ ನುಡಿ. 'ಕಾಂತೆ ಕೇಳೆ ಕರುಣದಿಂದ ಬಂತು ಕಾಣೆ ಹುಬ್ಬಿ ಮಳೆಯು.' ಹುಬ್ಬೆ ಮಳೆ ಅಂದರೆ ಸುಮಾರು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ಮಳೆ. ಅಷ್ಟು ಹೊತ್ತಿಗೆ ಮಾಳಿಗೆ ಎರಡು ಮೂರು ತಿಂಗಳಿಂದ ನೆನೆದಿರುತ್ತೆ. ಈಗ ಸಾಲನ್ನು ಎಲ್ಲಿ ಒಡೆಯುತ್ತೀರಿ ನೋಡಿ. 'ಕೇಳೆ ಕರುಣದಿಂದ' ಅಂತ ನಿಲ್ಲಿಸಿದರೆ, ಹೆಂಡತಿಗೆ ಮರುಕದಿಂದ ಕೇಳು ಅಂದ ಹಾಗಾಯಿತು. 'ಕರುಣದಿಂದ ಬಂತು' ಅಂತ ಕೂಡಿಸಿದರೆ, ಮನೆ ಕೆಡವುವ ಮಳೆಯೇ ದೇವರ ಕರುಣೆಯಿಂದ ಬಂತು ಅಂತಾಯಿತು! ನನಗೆ ಎರಡನೆಯದೇ ಇಷ್ಟ. ಅದರ ಹಿಂದೆಯೇ ಶಿಶುನಾಳಧೀಶ ನಿಂತು ಕಾಪಾಡುತ್ತಾನೆ ಅನ್ನುವ ನಂಬಿಕೆ ಬರುತ್ತೆ. ಮೊದಲನೆಯದನ್ನು ತಪ್ಪು ಅನ್ನೋಕೆ ಮಾತ್ರ ವ್ಯಾಕರಣ ಬಿಡಲ್ಲ.

ಕೋಳಿ ಕೋಡಗನನ್ನ ನುಂಗೋದು ಹೇಗೆ? ಸುಮ್ನೆ ಪ್ರಾಸಕ್ಕೆ ಬರೆದದ್ದಾ?

ಕೋಡಗ ಅಂದರೆ ಕೋತಿ. ಕೋತಿ ಅಂದರೆ ಮನಸ್ಸು, ಕೋಳಿ ಅಂದರೆ ಬೆಳಗಾಯಿತು ಅಂತ ಎಬ್ಬಿಸುವ ಅರಿವು. ಅರಿವು ಮನಸ್ಸನ್ನು ನುಂಗಿತು. ಸಾಮಾನ್ಯವಾಗಿ ಎಲ್ಲರೂ ಕೊಡುವ ಉತ್ತರ ಇದು. ಒಪ್ಪೋಣ. ಆಮೇಲೆ ಆಡು, ಆನೆ, ಗೋಡೆ, ಸುಣ್ಣ, ಮಗ್ಗ, ಲಾಳಿ ಎಲ್ಲದಕ್ಕೂ ಹೀಗೇ ಒಂದೊಂದು ಹೆಸರು ಅಂಟಿಸುತ್ತ ಹೋಗುವವರಿದ್ದಾರೆ. ಅಲ್ಲಿ ನನಗೆ ಬೇಜಾರು.

ನುಂಗುವ ಜೋಡಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆಡು ಆನೆಯನ್ನು ನುಂಗೋದು ಸಾಧ್ಯವೇ ಇಲ್ಲ. ಆದರೆ 'ಗೋಡೆ ಸುಣ್ಣವ ನುಂಗಿ' ಅನ್ನೋದು ಪೂರ್ತಿ ನಿಜ. ಹೊಸ ಮಣ್ಣಿನ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಕುಡಿಯುತ್ತಲೇ ಇರುತ್ತೆ. 'ಒಳ್ಳು ಒನಕೆಯ ನುಂಗಿ' ಕೂಡ ನಿಜ. ಕುಟ್ಟುವಾಗ ಪ್ರತಿ ಪೆಟ್ಟಿಗೂ ಒನಕೆ ಒಳ್ಳಿನೊಳಗೆ ಹೋಗಿ ಬರುತ್ತೆ. ಬೀಸುಕಲ್ಲು ಗೂಟವನ್ನು ನುಂಗಿಕೊಂಡೇ ತಿರುಗುತ್ತೆ. ಅಂದರೆ ಅಸಾಧ್ಯದ್ದನ್ನೂ ದಿನಾ ನಡೆಯುವುದನ್ನೂ ಒಂದೇ ಉಸಿರಿನಲ್ಲಿ ಕಟ್ಟಿದ್ದಾರೆ. ಕೇಳುತ್ತ ಕೇಳುತ್ತ ಯಾವುದು ವಿಚಿತ್ರ, ಯಾವುದು ಮಾಮೂಲು ಅನ್ನೋದು ಕಲಸಿಹೋಗುತ್ತೆ.

ಪ್ರತಿ ನುಡಿಯ ಕೊನೆಗೆ ಒಬ್ಬ ಮನುಷ್ಯ ಬರುತ್ತಾನೆ, ಇಲ್ಲ ಒಬ್ಬಳು ಬರುತ್ತಾಳೆ. ಆಡಲು ಬಂದ ಪಾತರದವಳನ್ನು, ಅಂದರೆ ಕುಣಿಯುವವಳನ್ನು, ಮದ್ದಲಿ ನುಂಗುತ್ತೆ. ತಾಳಕ್ಕೆ ಮೈಮರೆತವಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮೆಲ್ಲಲು ಬಂದ ಮುದುಕಿಯನ್ನು ನೆಲ್ಲು ನುಂಗುತ್ತೆ. ಯಾವುದನ್ನು ಹಿಡಿಯಲು ಹೋದರೋ ಅದೇ ಅವರನ್ನು ಹಿಡಿಯಿತು. ಕೊನೆಗೆ 'ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತ'. ಇಷ್ಟು ಹೊತ್ತು ಬೇರೆಯವರ ಸುದ್ದಿ ಹೇಳುತ್ತಿದ್ದವರು ತಾವೇ ಸಾಲಿಗೆ ಸೇರಿಬಿಟ್ಟರು. ಹಾಡಿನ ನಿಜವಾದ ತಿರುವು ಅದು. ಕೋಡಗ ಅಂದರೆ ಏನು, ಕೋಳಿ ಅಂದರೆ ಏನು ಅನ್ನೋ ಲೆಕ್ಕ ಅದರ ಮುಂದೆ ಸಣ್ಣದು.

'ಬಿದ್ದೀಯಬೇ ಮುದುಕಿ' ಹಾಡಲ್ಲಿ ಪಾಪದ ಮುದುಕಿಯನ್ನ ಯಾಕೆ ಹಂಗಿಸ್ತಾರೆ?

ಹಂಗಿಸುವ ದನಿ ಇದೆ, ಇಲ್ಲ ಅನ್ನಲ್ಲ. 'ಪಿಚ್ಚಿಗಣ್ಣಿನ ಮುದುಕಿ' ಅಂತಲೂ ಅನ್ನುತ್ತಾರೆ. ಆದರೆ 'ಇರು ಜೋಕಿ, ಬಾಳ ಜೋಕಿ' ಅನ್ನುವಾಗ ಮನೆಯವರ ಕಾಳಜಿಯೂ ಇದೆ. 'ಸದ್ಯಕಿದು ಹುಲುಗೂರ ಸಂತಿ' ಅಂತ ಬರುತ್ತಲ್ಲ, ಆ ಹುಲಗೂರು ಶಿಶುನಾಳದ ಹತ್ತಿರದ ನಿಜವಾದ ಊರು. ಕೇಳುತ್ತಿದ್ದವರು ಆ ಸಂತೆಗೆ ಹೋಗಿ ಬಂದವರೇ. ನೂಕುನುಗ್ಗಲು, ಬುಟ್ಟಿಯಲ್ಲಿ ಸೀರೆ, ಕತ್ತರಿಸಿಕೊಂಡು ಹೋಗುವ ಕಳ್ಳರು, ಬಿದ್ದರೆ ಎತ್ತೋರಿಲ್ಲ. ಸಂತೆಯನ್ನು ಸಂಸಾರ ಅಂತ, ಮುದುಕಿಯನ್ನು ಜೀವ ಅಂತ ಓದುವುದು ರೂಢಿ. ಮುದುಕಿ ಅಂದರೆ ಹಳೇ ಆಸೆ, ಎಷ್ಟು ವಯಸ್ಸಾದರೂ ಸಂತೆ ಬಿಡದ್ದು ಅಂತಲೂ ಓದಬಹುದು. 'ಹರೆಯ ಮೀರಿದ' ಅನ್ನೋ ಮಾತು ಈ ಓದಿನ ಕಡೆ ಇದೆ.

'ಗುಡುಗುಡಿಯಾ ಸೇದಿ ನೋಡೋ' ಗಾಂಜಾ ಹಾಡು ಅಂತ ಗೆಳೆಯರು ವಾದಿಸ್ತಾರೆ. ಹೌದಾ?

ಹಾಡನ್ನು ಎರಡನೇ ಸಾಲಿನವರೆಗೂ ಕೇಳಿ ಅಂತ ಅವರಿಗೆ ಹೇಳಿ. ಮನಸ್ಸೇ ಸಂಚಿ, ಮೋಹವೇ ಕೊಚ್ಚಿ ಹಾಕುವ ಸೊಪ್ಪು, ಬುದ್ಧಿಯೇ ಬೆಂಕಿ ಅಂತ ಹಾಡೇ ಬಾಯಿಬಿಟ್ಟು ಹೇಳುತ್ತೆ. ಸುಟ್ಟುಹೋಗಬೇಕಾದ್ದು ಮೋಹ. ಹಳ್ಳಿಕಟ್ಟೆಯಲ್ಲಿ ಚಿಲುಮೆ ಸೇದುತ್ತಿದ್ದವರಿಗೆ ಅವರ ಕೈಯಲ್ಲಿದ್ದುದನ್ನೇ ಹಿಡಿದು ಹೇಳಿದ್ದಾರೆ. ಗೂಢಾರ್ಥ ಬಹಳ ಕಡಿಮೆ ಇರುವ ಹಾಡು ಇದು.

'ತರವಲ್ಲ ತಗಿ ನಿನ್ನ ತಂಬೂರಿ' ಯಾರಿಗೆ ಹೇಳಿದ್ದು?

ಢೋಂಗಿ ಗುರುಗಳಿಗೆ ಅಂತ ಕೆಲವರು. ಬೇಸೂರು ಹಾಡುವವನಿಗೆ ಅಂತ ಕೆಲವರು. ತಂಬೂರಿಯೇ ದೇಹ, ಸಾಧನೆ ಇಲ್ಲದೆ ಅದನ್ನು ಬಾರಿಸಬೇಡ ಅಂತ ಹಲವರು. ಮೂರಕ್ಕೂ ಹಾಡಿನಲ್ಲಿ ಜಾಗ ಇದೆ. ಜನ ಗಮನಿಸದೆ ಬಿಡುವುದು ಒಂದಿದೆ. ಶುರುವಾಗುವುದು 'ತಗಿ' ಅಂತ, ಮುಗಿಯುವುದು 'ಹಸನಾಗಿ ಬಾರಿಸೊ ತಂಬೂರಿ' ಅಂತ. ಬೈದು ಓಡಿಸುವ ಹಾಡಾಗಿದ್ದರೆ ಕೊನೆಗೆ ಬಾರಿಸು ಅನ್ನುತ್ತಿರಲಿಲ್ಲ. ಕಲಿಸುವವರ ಗದರಿಕೆ ಇದು. ಶರೀಫರು ಮಾಸ್ತರರಾಗಿದ್ದವರು ಅನ್ನೋದು ನನಗೆ ಇಲ್ಲಿ ನೆನಪಾಗುತ್ತೆ.

ಜಗಳ ಹತ್ತುವ ಪ್ರಶ್ನೆಗಳು

'ಅಳಬೇಡ ತಂಗಿ ಅಳಬೇಡ' ನಮ್ಮನೆ ಮದುವೇಲಿ ಹಾಡಿಸಿದ್ವಿ. ಒಬ್ಬ ಹಿರಿಯರು ಅದು ಸಾವಿನ ಹಾಡು ಅಂತ ಸಿಟ್ಟಾದ್ರು. ಯಾರದು ಸರಿ?

ಹಿರಿಯರ ಸಿಟ್ಟಿಗೆ ಕಾರಣ ಇದೆ. ನಿಮ್ಮದೂ ತಪ್ಪಲ್ಲ. ಮೇಲುಮಟ್ಟಕ್ಕೆ ಇದು ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹಾಡೇ. ಉಡಿಯಕ್ಕಿ ಹಾಕುತ್ತಾರೆ, ರೇಷ್ಮೆ ದಡಿಯ ಸೀರೆ ಉಡಿಸುತ್ತಾರೆ, ಮುಂದಕ್ಕೆ ನೂಕುತ್ತಾರೆ. ಆದರೆ ಉಡಿಯಕ್ಕಿ ಹಾಕುವ ಕೈಗಳಲ್ಲಿ ಯಾವುದೂ ಅವಳನ್ನು ಹಿಡಿದು ನಿಲ್ಲಿಸಿಕೊಳ್ಳಲ್ಲ. 'ನಿನ್ನ ಕಳುಹ ಬಂದವರಿಲ್ಲಿ ಉಳುಹಿಕೊಂಬುವರಿಲ್ಲ.' ಈ ಸಾಲು ಕೇಳಿದಾಗ ಸ್ಮಶಾನದ ದಾರಿ ನೆನಪಾಗದೆ ಇರುತ್ತಾ? ತವರು ಅಂದರೆ ಈ ಲೋಕ, ಗಂಡನ ಮನೆ ಅಂದರೆ ದೇವರ ಸನ್ನಿಧಿ. ಹಿರಿಯರು ಓದಿದ್ದು ಹೀಗೆ. ಸಂತರ ಹಾಡುಗಳಲ್ಲಿ ಈ ಓದು ಬಹಳ ಹಳೆಯದು.

ಆದರೆ ಕೊನೆಯ ಸಾಲು ಇದಕ್ಕೆ ಒಪ್ಪಲ್ಲ. 'ಶಿಶುನಾಳಧೀಶನ ಅಂಗಳಕ ನೀ ಹೊರತಾದೆವ್ವ ಗೌರಿ.' ದೇವರ ಅಂಗಳದಿಂದ ಹೊರಗಾದೆ! ಹೋಗುತ್ತಿರುವುದು ದೇವರ ಮನೆಗೇ ಆಗಿದ್ದರೆ ಈ ಮಾತು ಯಾಕೆ ಬರಬೇಕು? ದೇವರ ಅಂಗಳವೇ ತವರು, ಗಂಡನ ಮನೆಯೇ ಸಂಸಾರ ಅಂತ ತಿರುಗಿಸಿ ಓದಿ ನೋಡಿ. ಆಗ ಇದು ಜೀವ ಭೂಮಿಗೆ ಬಂದು ಬೀಳುವ ಹಾಡು. ನಡುವೆ ಐವರು ಹೆಂಗಸರು ಕೂಡಿ ನಗುತ್ತ ನಿಲ್ಲುತ್ತಾರೆ. ಅವರು ಐದು ಇಂದ್ರಿಯ ಅಂತ ಹೆಚ್ಚಿನವರ ಮಾತು. 'ಗಂಡನ ಮನಿ ನಿನಗ ಬಿಡದವ್ವ' ಅನ್ನೋದೂ ಸಂಸಾರಕ್ಕೇ ಚೆನ್ನಾಗಿ ಹೊಂದುತ್ತೆ.

ಹೀಗೆ ಮೊದಲ ಸಾಲು ಸಾವಿನ ಕಡೆ ಎಳೆಯುತ್ತೆ, ಕೊನೆಯ ಸಾಲು ಹುಟ್ಟಿನ ಕಡೆ ಎಳೆಯುತ್ತೆ, ನಡುವೆ ಇರುವುದು ಮದುವೆ. ನನ್ನ ಒಲವು ಹುಟ್ಟಿನ ಕಡೆಗೆ. ಇನ್ನು ಮದುವೆಯಲ್ಲಿ ಹಾಡಬಹುದಾ ಅಂದರೆ, ಹಾಡಿ. ಹುಡುಗಿಯ ತಾಯಿಯನ್ನು ಒಂದು ಮಾತು ಕೇಳಿ ಹಾಡಿ.

'ಮೋಹದ ಹೆಂಡತಿ ತೀರಿದ ಬಳಿಕ' ಅವರ ಹೆಂಡತಿ ಸತ್ತ ಮೇಲೆ ಬರೆದದ್ದು ಅಲ್ವಾ?

ಶರೀಫರಿಗೆ ಮದುವೆಯಾಗಿತ್ತು, ಹೆಂಡತಿ ಬೇಗ ತೀರಿಕೊಂಡರು ಅನ್ನೋದು ನಿಜ. ಹಾಗಾಗಿ 'ಮಾವನ ಮನೆಯ ಹಂಗಿನ್ಯಾಕೋ' ಅನ್ನುವಾಗ ಸ್ವಂತ ನೋವು ಕೇಳಿಸುತ್ತೆ. ಆದರೆ 'ಮೋಹದ ಹೆಂಡತಿ' ಅನ್ನೋದು ಎರಡು ಕಡೆ ಹೊರಳುತ್ತೆ. ಪ್ರೀತಿಯ ಹೆಂಡತಿ ಅಂತಲೂ ಆಗುತ್ತೆ, ಮೋಹವೆಂಬ ಹೆಂಡತಿ ಅಂತಲೂ ಆಗುತ್ತೆ. ಎರಡನೆಯದಾದರೆ ಮಾವನ ಮನೆ ಅಂದರೆ ಈ ಪ್ರಪಂಚ. ಅಲ್ಲಿಗೆ ಕಟ್ಟಿಹಾಕಿದ್ದ ಗಂಟು ಬಿಚ್ಚಿತು ಅಂತ ಅರ್ಥ. ಒಂದು ಓದಿನಲ್ಲಿ ದುಃಖ, ಇನ್ನೊಂದರಲ್ಲಿ ಬಿಡುಗಡೆ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾರೂ ಹೇಳಿಲ್ಲ. ಹೆಂಡತಿ ಹೋದ ಮನುಷ್ಯನಿಗೆ ಎರಡೂ ಒಟ್ಟಿಗೇ ಬಂದಿರಬಹುದು. ಹಾಡನ್ನು ಬರೀ ಜೀವನಚರಿತ್ರೆ ಮಾಡುವುದೂ ಬೇಡ, ಆ ಸಾವನ್ನು ಬರೀ ಸಂಕೇತ ಮಾಡುವುದೂ ಬೇಡ.

ಐದು, ಆರು, ಮೂರು, ಒಂಬತ್ತು ಅಂತ ಬರ್ತಾವಲ್ಲ, ಅದಕ್ಕೊಂದು ಪಟ್ಟಿ ಕೊಡಿ.

ತತ್ವಪದಗಳ ರೂಢಿ ಹೇಳುತ್ತೇನೆ. ಮೂರು ಅಂದರೆ ಸತ್ವ, ರಜ, ತಮ ಗುಣಗಳು. ಐದು ಅಂದರೆ ಇಂದ್ರಿಯಗಳು, ಇಲ್ಲವೇ ಪಂಚಭೂತ. ಆರು ಅಂದರೆ ಕಾಮ ಕ್ರೋಧ ಮೊದಲಾದ ವೈರಿಗಳು, ಇಲ್ಲವೇ ಯೋಗದ ಆರು ಚಕ್ರ, ಇಲ್ಲವೇ ಶರಣರ ಷಟ್‌ಸ್ಥಲ, ಅಂದರೆ ಭಕ್ತ ಏರಬೇಕಾದ ಆರು ಹಂತ. ಎಂಟು ಅಂದರೆ ಅಷ್ಟಮದ. ಒಂಬತ್ತು ಅಂದರೆ ದೇಹದ ಬಾಗಿಲುಗಳು. ಆರು ಒಂದಕ್ಕೇ ಮೂರು ಉತ್ತರ ಬಂತು ನೋಡಿ! ಹಾಗಾಗಿ ಪಟ್ಟಿ ಪೂರ್ತಿ ಸಾಕಾಗಲ್ಲ. ಹಾಡಿನಲ್ಲಿ ಆ ಆರು ಜನ ಕಾಟ ಕೊಡುತ್ತಿದ್ದಾರಾ, ಇಲ್ಲ ಹತ್ತಿ ಹೋಗಬೇಕಾದ ಮೆಟ್ಟಿಲಾಗಿದ್ದಾರಾ? ಅಲ್ಲಿಂದ ತಿಳಿಯಬೇಕು. 'ಗುಡಿಯ ನೋಡಿರಣ್ಣ ದೇಹದ ಗುಡಿಯ ನೋಡಿರಣ್ಣ' ಅನ್ನುವಂಥ ಪದದಲ್ಲಿ ಸಂಖ್ಯೆ ಬಂದರೆ ಅದು ದೇಹದ ಲೆಕ್ಕ ಅಂತ ಧೈರ್ಯವಾಗಿ ಹೇಳಬಹುದು.

ಅವರು ಹುಟ್ಟಿನಿಂದ ಮುಸ್ಲಿಂ. ಹಾಗಿದ್ದ ಮೇಲೆ ಸೂಫಿ ಅರ್ಥವೇ ಮೂಲ ಅಲ್ವಾ?

ಇದೇ ಪ್ರಶ್ನೆಯನ್ನು 'ಗುರು ಬ್ರಾಹ್ಮಣರು, ಹಾಗಾಗಿ ವೇದಾಂತವೇ ಮೂಲ ಅಲ್ವಾ' ಅಂತಲೂ ಕೇಳುತ್ತಾರೆ. 'ಅಂಕಿತ ಶಿಶುನಾಳದ ಬಸವಣ್ಣ ದೇವರದು, ಹಾಗಾಗಿ ಶರಣ ತತ್ವ' ಅನ್ನುವವರೂ ಇದ್ದಾರೆ. ಮೂರು ಕಡೆಯವರಿಗೂ ಆಧಾರ ಇದೆ. ಹುಲಗೂರಿನ ಖಾದರಿ ಪೀರರ ಮೇಲೆ ಅವರ ಮನೆಯವರ ಭಕ್ತಿ ದೊಡ್ಡದು. ಮೊಹರಂ ಹೊತ್ತಿಗೆ ಹಾಡುವ ಪದಗಳನ್ನೂ ಶರೀಫರು ಕಟ್ಟಿದ್ದಾರೆ. ಗೋವಿಂದ ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರು ಅನ್ನೋ ಕಥೆಗೆ 'ಹಾಕಿದ ಜನಿವಾರವ' ಪದವೇ ಇದೆ.

ಮೊಹರಂ ಪದವನ್ನು ಕರ್ಬಲಾ ಯುದ್ಧದ ಕಥೆ ಗೊತ್ತಿಲ್ಲದೆ ಬಿಡಿಸಲಾಗದು. ಜನಿವಾರದ ಪದಕ್ಕೆ ಬ್ರಹ್ಮಜ್ಞಾನದ ಮಾತು ಬೇಕು. ಒಂದೇ ಬೀಗದಕೈ ಹಿಡಿದು ಎಲ್ಲ ಹಾಡಿಗೂ ತಿರುಗಿಸಲು ಹೋದರೆ ಹಾಡು ಮುರಿಯುತ್ತೆ. ಹಾಡೊಂದೊಂದನ್ನೂ ಬೇರೆಯಾಗಿ ನೋಡಿ.

ಪುಸ್ತಕದಲ್ಲೊಂದು, ಹಾಡಿನಲ್ಲೊಂದು ಪಾಠ. ಯಾವುದು ನಂಬಲಿ?

ಈ ಪದಗಳು ಬಾಯಿಂದ ಬಾಯಿಗೆ ಬಂದವು. ಅಚ್ಚಾದದ್ದು ಆ ಮೇಲೆ. ಹಾಗಾಗಿ ಇದೊಂದೇ ಮೂಲ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಕೋಡಗನ ಪದದ ಕೊನೆಯನ್ನೇ ತಗೊಳ್ಳಿ. ಕೆಲವರು 'ನನ್ನನೆ ನುಂಗಿತ್ತ' ಅಂತ ಹಾಡುತ್ತಾರೆ, ಕೆಲವರು 'ಆತ್ಮ ನುಂಗಿತ್ತ' ಅಂತ ಹಾಡುತ್ತಾರೆ. ಆತ್ಮ ಅಂದರೆ ತತ್ವ ಹೇಳಿದ ಹಾಗಾಯಿತು. ನನ್ನನ್ನೇ ಅಂದರೆ ಹಾಡುವವನ ಕಥೆ ಹೇಳಿದ ಹಾಗಾಯಿತು. ನಾನು ಇಟ್ಟುಕೊಂಡಿರುವ ನಿಯಮ ಸರಳ. ಎರಡು ಪಾಠದಲ್ಲಿ ಒಂದು ಬರೀ ಉಪದೇಶ, ಇನ್ನೊಂದು ಕಣ್ಣಿಗೆ ಕಾಣುವ ಮಾತು ಆಗಿದ್ದರೆ ಎರಡನೆಯದನ್ನು ಹಿಡಿಯುತ್ತೇನೆ. ಹಾಡುವವರು ತಿಳಿಯದ ಮಾತನ್ನು ತಿಳಿದ ಮಾತಾಗಿ ಬದಲಿಸುತ್ತಾರೆ, ಉಲ್ಟಾ ಮಾಡುವುದು ಅಪರೂಪ.

ನಾನು ಮಾಡಿದ ಅರ್ಥ ಸರಿಯೋ ಅತಿಯಾಯ್ತೋ ಅಂತ ಹೇಗೆ ಗೊತ್ತಾಗುತ್ತೆ?

ಅರ್ಥ ಹಚ್ಚಿದ ಮೇಲೆ ಎಷ್ಟು ಸಾಲು ಮಿಕ್ಕವು ನೋಡಿ. ಪಲ್ಲವಿಗೆ ಮಾತ್ರ ಹೊಂದಿ, ನುಡಿಗಳಿಗೆ ಬಂದಾಗ 'ಅದು ಪ್ರಾಸಕ್ಕೆ' ಅನ್ನಬೇಕಾದರೆ ಎಲ್ಲೋ ಎಡವಿದ್ದೀರಿ. ಅಂಕಿತದ ನುಡಿಯನ್ನು ಬಿಡಲೇಬೇಡಿ. ಜನ ಅದನ್ನು ಸಹಿ ಅಂತ ದಾಟಿಹೋಗುತ್ತಾರೆ, ಆದರೆ ಶರೀಫರು ಹಾಡನ್ನು ತಿರುಗಿಸುವುದು ಹೆಚ್ಚಾಗಿ ಅಲ್ಲೇ. ಇನ್ನೊಂದು ಮಾತು. ನಿಮ್ಮ ಅರ್ಥ ಕೇಳಿದ ಮೇಲೆ ಆ ಹಾಡಿನ ಮನೆ, ಸಂತೆ, ಮಗ್ಗ ಮತ್ತೂ ಸ್ಪಷ್ಟವಾಗಿ ಕಾಣಬೇಕು. ಅವೆಲ್ಲ ಮಾಯವಾಗಿ ಬರೀ ಜೀವಾತ್ಮ ಪರಮಾತ್ಮ ಉಳಿದರೆ ಹಾಡು ಕಟ್ಟುವ ಕಷ್ಟವೇ ಶರೀಫರಿಗೆ ಬೇಕಿರಲಿಲ್ಲ.

ಎಲ್ಲ ಹಾಡಿಗೂ ಒಳಗಿನ ಅರ್ಥ ಇರಲೇಬೇಕಾ?

ಇಲ್ಲ. 'ಗಿರಣಿ ವಿಸ್ತಾರ ನೋಡಮ್ಮ' ಅನ್ನೋ ಪದ ಹುಬ್ಬಳ್ಳಿಯ ಗಿರಣಿ ನೋಡಿ ಕಟ್ಟಿದ್ದು. ಯಂತ್ರ ಅಂದರೆ ದೇಹ ಅಂತ ಇದನ್ನೂ ಓದಬಹುದು, ಓದಿದರೆ ಹೊಂದುತ್ತೆ ಕೂಡ. ಆದರೆ ಕೈಯಲ್ಲಿ ನೂಲುವುದನ್ನು, ಕೈಮಗ್ಗದಲ್ಲಿ ನೇಯುವುದನ್ನು ನೋಡಿಕೊಂಡು ಬೆಳೆದವರು ಅವರು. ಅಂಥವರಿಗೆ 19ನೇ ಶತಮಾನದ ಕೊನೆಯಲ್ಲಿ ಹತ್ತಿರದ ಪೇಟೆಗೆ ಹಬೆಯ ಗಿರಣಿ ಬಂದರೆ ಅದನ್ನು ನೋಡಿಯೇ ದಂಗಾಗುತ್ತೆ. 'ನೋಡಮ್ಮ' ಅಂತ ಪಕ್ಕದವಳನ್ನು ಕರೆದು ತೋರಿಸುತ್ತಿದ್ದಾರೆ. ನಾನಂತೂ ಆ ಪದವನ್ನು ಗಿರಣಿಯ ಪದ ಅಂತಲೇ ಕೇಳುತ್ತೇನೆ.